ಹೆಡಿಗೆಯಡಿಯ ಮರಿ

ಉಪ್ಪುಂದದ ಕುಸುಮಳಿಗೆ ಒಂದು ಹಮ್ಮಿತ್ತು: ತಾನು ಕೈಗೆತ್ತಿಕೊಂಡ ಜೀವ ಸಾಯುವುದಿಲ್ಲ. ತಾಯಿ ಸತ್ತ ಕರು, ಗೂಡಿನಿಂದ ಬಿದ್ದ ಗಿಳಿ, ಯಾರೋ ಗೋಣಿಯಲ್ಲಿ ತಂದು ಬಿಟ್ಟ ಬೆಕ್ಕಿನ ಮರಿಗಳು, ಎಲ್ಲವೂ ಅವಳ ಆರೈಕೆಯಲ್ಲಿ ಬದುಕಿದ್ದವು. ಇದನ್ನು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ಆದರೆ ಮಂಗ ಎಂದರೆ ಅವಳಿಗೆ ಮೈಯೆಲ್ಲ ಉರಿ. ಭತ್ತ ಕೊಯ್ದ ಗದ್ದೆಯಲ್ಲಿ ನೆಲಗಡಲೆ ಬಲಿಯುವ ಹೊತ್ತಿಗೆ ಹಿಂಡು ಇಳಿಯುತ್ತದೆ. ತಿಂದದ್ದಕ್ಕಿಂತ ಕಿತ್ತು ಬಿಸಾಡಿದ್ದೇ ಹೆಚ್ಚು. ಆ ಬೆಳಿಗ್ಗೆಯೂ ಗರ್ನಾಲು ಪಟಾಕಿ ಹಚ್ಚಿ ಎಸೆದಳು. ಸದ್ದಿಗೆ ಬೆಚ್ಚಿದ ತಾಯಿಯೊಂದು ಗೇರುಮರಕ್ಕೆ ಹಾರುವಾಗ, ಹೊಟ್ಟೆಗೆ ಅಂಟಿಕೊಂಡಿದ್ದ ಮರಿ ಕಳಚಿ ಬಿತ್ತು. ನಾಯಿ ಓಡಿಬರುವುದರೊಳಗೆ ಕುಸುಮ ಅದನ್ನು ಸೆರಗಿನಲ್ಲಿ ಎತ್ತಿಕೊಂಡಳು. ಅಲ್ಲಿಯವರೆಗೆ ಅವಳು ಮಾಡಿದ್ದು ಸರಿಯೇ.

ಮನೆಗೆ ತಂದು, ಹೆಡಿಗೆ ಬುಟ್ಟಿಯನ್ನು ಬೋರಲು ಹಾಕಿ ಅದರಡಿ ಇಟ್ಟಳು. ಬತ್ತಿಯಿಂದ ದನದ ಹಾಲು ಹನಿಸಿದಳು. ತಾಯಿ ಹಿಂದೆಯೇ ಬಂದು ಹಂಚಿನ ಮಾಡಿನ ಮೇಲೆ ಕುಳಿತು ಕೂಗತೊಡಗಿತು. ಅಂಗಳಕ್ಕೆ ಇಳಿಯುವುದು, ಕುಸುಮಳನ್ನು ಕಂಡು ಹತ್ತುವುದು, ಮತ್ತೆ ಇಳಿಯುವುದು. ಒಳಗಿನಿಂದ ಮರಿಯೂ ಕೀರಲು ದನಿಯಲ್ಲಿ ಓಗೊಡುತ್ತಿತ್ತು.

"ಹ್ವಾಯ್ ಬಚ್ಚಣ್ಣ, ಬಿಟ್ಟ್ ಬಿಡ್ಲಾ ಇದನ್ನ್?" ಎಂದು ಬೇಲಿಯಾಚೆಯ ಬಚ್ಚನನ್ನು ಕೇಳಿದಳು.

"ಮನ್ಷ್ರ್ ಮುಟ್ಟಿದ ಮರಿನ ತಾಯಿ ಹತ್ರ ಸೇರ್ಸುದಿಲ್ಲ ಮಾರಾಯ್ತಿ. ಕಚ್ಚಿ ಬಿಸಾಡತ್ತ್, ಕಾಣ್."

ಊರಲ್ಲಿ ಎಲ್ಲರೂ ಹೇಳುವ ಮಾತೇ. ಕುಸುಮಳಿಗೆ ಅದು ರೋಗಿ ಬಯಸಿದ್ದೂ ಹಾಲು ಅನ್ನ ಎಂಬಂತಾಯಿತು. ಮರಿ ಅವಳ ಬೆರಳನ್ನು ಗಟ್ಟಿಯಾಗಿ ಹಿಡಿದಿತ್ತು. ಬಿಡಲು ಅವಳಿಗೇ ಮನಸ್ಸಿರಲಿಲ್ಲ. ಕೋಲು ಬೀಸಿ ತಾಯಿಯನ್ನು ಓಡಿಸಿದಳು.

ಮರುದಿನ ಬೆಳಿಗ್ಗೆ ಹೆಡಿಗೆ ಎತ್ತಿದರೆ ಮರಿ ತಣ್ಣಗಾಗಿತ್ತು.

ಮಂಗ ಸತ್ತರೆ ಹಾಗೇ ಎಸೆಯುವಂತಿಲ್ಲ, ಹನುಮಂತನ ಕುಲ. ಬಚ್ಚ ಬಂದು ತೆಂಗಿನ ಬುಡದಲ್ಲಿ ಗುಂಡಿ ತೆಗೆದ. ಕುಸುಮ ಮರಿಯನ್ನು ಕೆಂಪು ಬಟ್ಟೆಯ ಮೇಲೆ ಮಲಗಿಸಿ ಹೂ ಕೊಯ್ಯಲು ತಿರುಗಿದಳು. ಅಷ್ಟರಲ್ಲಿ ತಾಯಿ ಇಳಿದು ಬಂತು. ಇಬ್ಬರು ನಿಂತಿದ್ದಾರೆಂಬುದನ್ನೂ ಲೆಕ್ಕಿಸದೆ ಮರಿಯನ್ನು ಮೂಸಿ, ಮುಖ ನೆಕ್ಕಿ, ಎತ್ತಿ ಹೊಟ್ಟೆಗೆ ಒತ್ತಿಕೊಂಡಿತು. ಹಿಡಿದುಕೊಳ್ಳಲಾರದ ಆ ಪುಟ್ಟ ಕೈಗಳು ಜಾರಿದವು. ಮತ್ತೆ ಎತ್ತಿ ಒತ್ತಿಕೊಂಡಿತು. ಕಡೆಗೆ ಒಂದು ಕೈಯಲ್ಲಿ ಅವುಚಿಕೊಂಡು, ಉಳಿದ ಮೂರು ಕಾಲಲ್ಲಿ ಕುಂಟುತ್ತ ಗೇರುಮರ ಹತ್ತಿತು.

ಬಚ್ಚ ಹಾರೆ ಹಿಡಿದು ನಿಂತೇ ಇದ್ದ. "ಎಲ್ಲರೂ ಹೇಳ್ದಂಗೆ ನಾನೂ ಹೇಳ್ದೆ, ಕುಸುಮ. ನಂಗೆಂತ ಗೊತ್ತ್?"

ಕುಸುಮಳ ಕೈಯಲ್ಲಿ ಹೂವು ಹಾಗೇ ಇತ್ತು. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ.

"ನಿಮ್ದೆಂತ ತಪ್ಪ್ ಇಲ್ಲೆ ಬಚ್ಚಣ್ಣ. ಸತ್ತದ್ದನ್ನೇ ಬಿಡ್ಲಿಲ್ಲೆ ಅದ್. ಜೀವ ಇಪ್ಪುವಾಗ ಮರಿ ಕೊಡ್ ಅಂದ್ ಕೇಂಬುಕೆ ಬಂದಿತ್ತ್. ನಾನ್ ಕೋಲ್ ತಕಂಡೆ."