ನನ್ನ ಭಾನುವಾರ ಕದ್ದ ಗೌಜಲಕ್ಕಿ

ಹಳೇ ಟ್ರಂಕು ಬಿಚ್ಚಿದಾಗ ನುಸಿಗುಳಿಗೆಯ ವಾಸನೆಯ ಜೊತೆ ಹಸಿರು ರೇಷ್ಮೆಯ ರವಿಕೆಯೊಂದು ಕೈಗೆ ಬಂತು. ಈಗದು ಮೈಗೆ ಹಿಡಿಸುವುದಿಲ್ಲ, ಆ ಮಾತು ಬೇರೆ. ಇದೇ ಬಟ್ಟೆಯಲ್ಲಿ ಮಿಕ್ಕ ತುಂಡಿನಿಂದ ನಮ್ಮ ದರ್ಜಿ ತನ್ನ ಹಕ್ಕಿಯ ಪಂಜರಕ್ಕೆ ಗವಸು ಹೊಲಿದುಕೊಂಡಿದ್ದ. ನನ್ನ ರವಿಕೆಯ ಬಟ್ಟೆ, ಒಂದು ಗೌಜಲಕ್ಕಿಗೆ!

ತೊಂಬತ್ತರ ದಶಕದ ಮೊದಲ ವರ್ಷಗಳು. ನಾವು ಆಗ ನಾಗಮಂಗಲದಲ್ಲಿದ್ದೆವು. ನಮ್ಮ ಮನೆಯವರಿಗೆ ಸರ್ಕಾರಿ ಕಚೇರಿಯಲ್ಲಿ ಕೆಲಸ, ಭಾನುವಾರವೊಂದೇ ಬಿಡುವು. ಆ ಒಂದು ದಿನವನ್ನೂ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟಿದ್ದ ದರ್ಜಿ ನುಂಗಿ ನೀರು ಕುಡಿಯುತ್ತಿದ್ದ. ಬೆಳಕು ಹರಿಯುವ ಹೊತ್ತಿಗೆ ಪಂಜರ ಹಿಡಿದು ಬಂದು ಬೀದಿಯಲ್ಲಿ ನಿಂತು ಕೆಮ್ಮುತ್ತಿದ್ದ. ನಾನು ಎಷ್ಟು ಎಬ್ಬಿಸಿದರೂ ಮಗ್ಗುಲು ಬದಲಿಸುವ ಮನುಷ್ಯ ಆ ಒಂದು ಕೆಮ್ಮಿಗೆ ಎದ್ದು ಗೌಜಲಕ್ಕಿ ಹಿಡಿಯಲು ಓಡುತ್ತಿದ್ದರು. ಸವತಿಯಾಗಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ದರ್ಜಿಯನ್ನು ಏನಂತ ಕೇಳುವುದು?

"ನಾನೂ ಬತ್ತೀನಿ" ಅಂದೆ ಒಂದು ದಿನ.

"ನೀನ್ಯಾಕಮ್ಮಿ, ಬರೀ ಮುಳ್ಳು ಅಲ್ಲಿ" ಅಂದರು. ಬೇಡ ಅಂದಿದ್ದಕ್ಕೇ ಹೊರಟೆ.

ರಾಗಿ ಕೊಯ್ದ ಹೊಲದ ಬದುವಿನಲ್ಲಿ ಒಂದು ಪೊದೆ. ದರ್ಜಿ ಅದರ ಪಕ್ಕ ಪಂಜರವಿಟ್ಟು, ಸುತ್ತ ಕುಣಿಕೆಗಳನ್ನು ನೆಟ್ಟು, ನನ್ನ ಹಸಿರು ರೇಷ್ಮೆಯನ್ನು ಸರಿಸಿದ. ಒಳಗಿದ್ದ ಗಂಡು ಎದೆಯುಬ್ಬಿಸಿ ಕೂಗಿತು. ಪೊದೆಯೊಳಗಿನ ಗಂಡು ಉತ್ತರ ಕೊಟ್ಟಿತು. ಮತ್ತೆ ಕೂಗು, ಮತ್ತೆ ಉತ್ತರ... ಕೊನೆಗೆ ಪೊದೆಯದು ರೆಕ್ಕೆ ಕೆದರಿಕೊಂಡು ಓಡಿಬಂದು ಕುಣಿಕೆಗೆ ಬಿತ್ತು.

"ಕಾಳಿನ ಆಸೆಗೆ ಬಂತಾ?" ಅಂದೆ.

"ಆಸೆಗಲ್ಲ ಭಾಬಿ, ಹೊಟ್ಟೆಕಿಚ್ಚಿಗೆ" ಅಂದ ದರ್ಜಿ. "ನನ್ ಜಾಗ್ದಲ್ಲಿ ಇವ್ನ್ಯಾವನು ಕೂಗಾಕೆ ಅಂತ."

ಹಕ್ಕಿಗೆ ಅಂದನೋ, ನನಗೇ ಅಂದನೋ. ಮೈಯೆಲ್ಲ ಉರಿದುಹೋಯಿತು.

ಹೀಗೆ ಹಿಡಿಯಬಾರದೆಂಬ ಕಾನೂನು ಆಗಲೂ ಇತ್ತು, ಕೇಳುವವರು ಇರಲಿಲ್ಲ. ಅವನದೋ ಬಾಯಿ ತುಂಬ ಬಡಾಯಿ. ಈ ಪೊದೆಯ ಗಂಡನ್ನು ಹಿಡಿದರೆ ಜಾಗ ಸಿಗದೆ ಅಲೆಯುತ್ತಿರುವ ಇನ್ನೊಂದು ಬಂದು ಕೂಗುತ್ತದೆ, ಪೊದೆ ಖಾಲಿ ಬೀಳುವುದೇ ಇಲ್ಲ ಅನ್ನುತ್ತಿದ್ದ. ಹೆಣ್ಣು ಸಿಕ್ಕಿಬಿದ್ದರೆ ಮಾತ್ರ ಬಿಡಿಸಿ ಹಾರಿಸುತ್ತಿದ್ದ. "ಹೆಣ್ ಹೋದ್ರೆ ಗೂಡೇ ಹೋಯ್ತದೆ ಸಾರ್. ಮರಿಗಳ್ನ ಹಾವು, ಹದ್ದು, ಮುಂಗುಸಿ ತಿಂದು ಒಂದೋ ಎರಡೋ ಉಳಿಯಾದು. ಅದ್ಕೂ ಕಲ್ಲಾಕದಾ?" ಇವರು ವೇದವಾಕ್ಯ ಕೇಳಿದವರ ಹಾಗೆ ತಲೆಯಾಡಿಸುತ್ತಿದ್ದರು. ನಾನು ಮಾತಾಡಿದರೆ ಪೇಪರಿನಿಂದ ಮುಖ ಎತ್ತದ ಮಹಾನುಭಾವರು! ಆ ಮುಖದ ಮೇಲೆ ಅಷ್ಟು ಆಸೆಯನ್ನು ನಾನು ನಮ್ಮ ಮದುವೆಯಲ್ಲೂ ಕಂಡಿರಲಿಲ್ಲ. ಆ ಹೊಲದಲ್ಲಿ ಒಂದು ಹಕ್ಕಿಯೂ ಉಳಿಯದಿರಲಿ ಅಂತ ಮನಸ್ಸಿನಲ್ಲೇ ಶಾಪ ಹಾಕಿದೆ.

ಶಾಪ ತಟ್ಟಿತು ಅನ್ನುವ ಹಾಗೆಯೇ ಆಯಿತು. ರಸ್ತೆಬದಿಯ ಹೋಟೆಲುಗಳಿಗೆ ಹಕ್ಕಿ ಒದಗಿಸುವವರು ಬಲೆ ತಂದರು. ಬಲೆಗೆ ಗಂಡೇನು, ಹೆಣ್ಣೇನು? ಕಾವು ಕೂರುವ ಕಾಲದಲ್ಲೂ ಬಿಡದೆ ಬಾಚಿದರು. ಮುಂದಿನ ವರ್ಷ ದರ್ಜಿಯ ಹಕ್ಕಿ ಗಂಟಲು ಕಟ್ಟುವವರೆಗೆ ಕೂಗಿದರೂ ಪೊದೆಗಳು ಸುಮ್ಮನಿದ್ದವಂತೆ. ಬಂದು ಜಾಗ ಹಿಡಿಯುವ ಗಂಡುಗಳು ಹುಟ್ಟಿರಬೇಕಲ್ಲ? ಆ ವಿಷಯ ಹೇಳುವಾಗ ಇವರ ದನಿ ನಡುಗಿತು. ನಾನು ಒಳಗೆ ಹೋಗಿ ಒಬ್ಬಟ್ಟಿಗೆ ಬೇಳೆ ಹಾಕಿದೆ.

ದರ್ಜಿ ಪಂಜರ ಮಾರಿ ಕೆ.ಆರ್. ಪೇಟೆಗೆ ಅಂಗಡಿ ಬದಲಾಯಿಸಿದ. ಭಾನುವಾರ ಪೂರ್ತಿ ನನ್ನ ಪಾಲಿಗೆ ಬಂತು. ಇವರು ಜಗಲಿಯ ಮೇಲೆ ಕೂತರು, ಕೊಟ್ಟ ಕಾಫಿ ಕುಡಿದರು, ಕೇಳಿದ್ದಕ್ಕೆ ಹ್ಞೂಂ ಅಂದರು. ಕಣ್ಣು ಮಾತ್ರ ಹೊಲದ ಕಡೆಗೇ. ಗೆದ್ದವಳು ನಾನೇ, ಆದರೆ ಗೆದ್ದು ತಂದದ್ದೇನು ಅಂತ ತಿಳಿಯದೆ ಪಾತ್ರೆಗಳನ್ನು ಕುಕ್ಕುತ್ತಿದ್ದೆ...

ದರ್ಜಿ ಅಲ್ಲಿಯೇ ತೀರಿಕೊಂಡನಂತೆ. ಇವರು ಹೋಗಿಯೂ ವರ್ಷಗಳಾದವು.

ಮೊನ್ನೆ ಬೆಳಗ್ಗೆ ಮನೆಯ ಹಿಂದಿನ ಬಯಲಲ್ಲಿ ಗೌಜಲಕ್ಕಿಯೊಂದು ಕೂಗಿತು. ಅದರ ಹಿಂದೆಯೇ ಹೆಣ್ಣೂ ದನಿ ಸೇರಿಸಿತು. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ರೀ, ಕೇಳುಸ್ತಾ?" ಅಂತ ಅಡುಗೆಮನೆಯಿಂದಲೇ ಕೂಗಿದೆ. "ಓಡೋಗಿ ನಿಮ್ ದರ್ಜೀನ ಕರ್ಕಂಡ್ ಬನ್ನಿ!"

ಮನೆಯಲ್ಲಿ ನಾನೊಬ್ಬಳೇ ಇದ್ದೆ.