ಮೊಣಕಾಲು ನೋವಿಗೆ ಕೈಯ ಫೋಟೋ

ಮೊಣಕಾಲಿಗೆ ಪೆಟ್ಟು ಮಾಡ್ಕೊಂಡು ಬಂದ ಮಕ್ಕಳಿಗೆ ನಾನು ಎಡಗೈಯ ಎಕ್ಸ್‌ರೇನೂ ತಗಸ್ತೀನಿ. ತಾಯಿ-ತಂದಿ ಒಬ್ಬರ ಮಾರಿ ಒಬ್ಬರು ನೋಡ್ತಾರ. ನೋಯೂದು ಕಾಲು, ಈಕಿ ಕೈ ಯಾಕ ಹಿಡದಾಳ ಅಂತ. ಪುಣೆಯೊಳಗ ಮಕ್ಕಳ ಎಲುಬಿನ ಡಾಕ್ಟರಾಗಿ ಇಪ್ಪತ್ತು ವರ್ಷದ ಮ್ಯಾಲಾತು, ಆಟ ಆಡಿ ಬಿದ್ದ ಮಕ್ಕಳೇ ನನ್ನ ಹತ್ರ ಹೆಚ್ಚು. ಈ ಪ್ರಶ್ನಿ ಮರಾಠಿಯೊಳಗ ಕೇಳ್ಯಾರ, ಹಿಂದಿಯೊಳಗ ಕೇಳ್ಯಾರ, ನಮ್ಮ ಕಡೆಯವರು ಕನ್ನಡದೊಳಗ ಕೇಳ್ಯಾರ. ನನಗೂ ಉತ್ತರ ಕೊಡೂದಂದ್ರ ಭಾಳ ಹುರುಪು.

ಬೆಳೆಯೋ ಮಕ್ಕಳ ಎಲುಬಿನ ತುದಿಯ ಹತ್ರ ಒಂದು ಮೆತ್ತನ್ನ ಪಟ್ಟಿ ಇರತದ. ಫೋಟೋದಾಗ ಅದು ಕರೀ ಗೆರಿ ಹಂಗ ಕಾಣಿಸ್ತದ. ಎಲುಬು ಉದ್ದ ಆಗೂದು ಅಲ್ಲಿಂದ. ಬೆಳವಣಿಗಿ ಮುಗೀತಂದ್ರ ಗೆರಿ ಮುಚ್ಚಿ ಹೋಗ್ತದ. ಮೊಣಕಾಲೊಳಗ ಹರಿದ ಲಿಗಮೆಂಟ್ ಹೊಸದಾಗಿ ಕೂಡಿಸಬೇಕಂದ್ರ ಎಲುಬಿನಾಗ ತೂತು ಕೊರೀಬೇಕು. ಗೆರಿ ತೆರೆದಿರುವಾಗ ಅದರ ನಡುವ ಕೊರದ್ರ ಕಾಲು ಮುಂದ ಸೊಟ್ಟ ಬೆಳೀಬಹುದು. ಕೈಯೊಳಗ ಸಣ್ಣ ಸಣ್ಣ ಎಲುಬು ಭಾಳ ಅದಾವ, ಒಂದೇ ಫೋಟೋದಾಗ ಕೂಸು ಎಷ್ಟು ಬೆಳದದ, ಇನ್ನೆಷ್ಟು ಬೆಳೆಯೂದದ ಅಂತ ಓದಬಹುದು.

ವಯಸ್ಸು ಕೇಳಿದ್ರ ಆಗೂದಿಲ್ಲೇನು ಅಂತೀರಿ? ಕೇಳಿ ನೋಡ್ರಿ. ನನ್ನ ಹತ್ರ ಬರೋ ನಮ್ಮ ಕಡೆಯ ಮಕ್ಕಳೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು. ಸಾಲಿಗೆ ಹಚ್ಚುವಾಗ ಮಾಸ್ತರು ಹುಟ್ಟಿದ ತಾರೀಖು ಕೇಳಿರತಾರ, ಅಪ್ಪ ತಲಿ ಕೆರಕೊಂಡಿರತಾನ, ಮಾಸ್ತರು ಜೂನ್ ಒಂದು ಅಂತ ಬರದು ಮುಂದಿನವರನ್ನ ಕರದಿರತಾರ. ವಿಜಯಪುರದಿಂದ ಬಂದು ಇಲ್ಲಿ ಅರಿವಿ ಅಂಗಡಿ ಹಾಕಿದ ನಮ್ಮಪ್ಪಂದೂ ಜೂನ್ ಒಂದೇ. ಹಿಂಗಾಗಿ ನಾನು ಕಾಗದಾ ಬಿಟ್ಟು ತಾಯಂದಿರನ್ನ ಕೇಳಾಕ ಶುರು ಮಾಡಿದೆ. ಅವರೂ ಹೇಳದಿದ್ದಾಗ ಎಲುಬು ಅದಾವಲ್ಲ, ಅವು ಹೇಳ್ತಾವ. ಕೈಕೆಳಗಿನ ಸಣ್ಣ ಡಾಕ್ಟರರಿಗೆ ದಿನಾ ಒಂದೇ ಮಾತು ಹೇಳ್ತಿದ್ದೆ: ಮಂದಿ ಸುಳ್ಳು ಹೇಳ್ತಾರ, ಎಲುಬು ಹೇಳೂದಿಲ್ಲ. ಇದು ನನ್ನ ಸೊಕ್ಕು. ಆ ಸೊಕ್ಕು ಇಳಿದ ಕತಿ ಇದು.

ಇಲ್ಲೇ ಪುಣೆಯ ನಿಗಡಿಯ ಒಂದು ಸಾಲಿಯೊಳಗ ಖೋ-ಖೋ ಆಡೋ ಹುಡುಗಿ. ಅಪ್ಪ ಯಾದಗಿರಿ ಕಡೆಯಿಂದ ಬಂದು ಹಿಂಜವಾಡಿಯ ಹೊಸ ಬಿಲ್ಡಿಂಗುಗಳಿಗೆ ರಾಡ್ ಕಟ್ಟೋ ಕೆಲಸ ಮಾಡ್ತಿದ್ದ. ಕನ್ನಡ ಮಾತಾಡೋ ಡಾಕ್ಟರ್ ಬಾಯಿ ಅದಾರ ಅಂತ ಯಾರೋ ಹೇಳಿದ್ದಕ್ಕ ಮಂದಿನೆಲ್ಲಾ ಕರಕೊಂಡು ಬಂದಿದ್ದ: ಹುಡುಗಿ, ಆಕಿ ಅವ್ವ, ಊರಿಂದ ಮಮ್ಮಗಳನ್ನ ನೋಡಾಕ ಬಂದಿದ್ದ ಅಜ್ಜಿ. ಅಜ್ಜಿ ಅಂದ್ರ ಅಪ್ಪನ ತಾಯಿ. ಹುಡುಗಿ ಓಡ್ತಾ ಓಡ್ತಾ ಗಕ್ಕನ ತಿರುಗಿ ಹೊಳ್ಳಿದಾಗ ಮೊಣಕಾಲಾಗ ಟಪ್ ಅಂದಿತ್ತು. ಹೆಂಗ ಹೊಳ್ಳಿದೆ ಅಂತ ಕೇಳಿದ್ದಕ್ಕ ನನ್ನ ಟೇಬಲ್ ಮ್ಯಾಲೆ ಪೆನ್ನು, ಸ್ಟೆತೊಸ್ಕೋಪು ಎಲ್ಲಾ ಸಾಲಾಗಿ ಇಟ್ಟು ಯಾರು ಎಲ್ಲಿ ಕುಂತಿದ್ರು, ತಾನು ಯಾವ ಸಂದಿಯಿಂದ ನುಗ್ಗಿದೆ ಅಂತ ತೋರಿಸಿದ್ಳು. ಆಮ್ಯಾಲೆ ಒಂದೇ ಮಾತು ಕೇಳಿದ್ಳು, "ನಾ ಮತ್ತ ಯಾವಾಗ ಓಡಬೇಕ್ರಿ?"

ಲಿಗಮೆಂಟ್ ಪೂರ್ತಿ ಹರಿದಿತ್ತು. ಆಪರೇಷನ್ ಆಗದೇ ಓಡೂದು ಕನಸೇ. ಯಾವ ನಮೂನಿ ಆಪರೇಷನ್ ಅನ್ನೂದು ಆ ಗೆರಿಗಳ ಮ್ಯಾಲೆ.

ಹುಟ್ಟಿದ್ದು ಯಾವಾಗ ಅಂತ ತಾಯಿನ್ನ ಕೇಳಿದೆ. "ಹಿಂಜವಾಡಿಯಾಗ ಆ ನೀಲಿ ಗಾಜಿನ ಬಿಲ್ಡಿಂಗ್ ಅದ ಅಲ್ರಿ, ಅದರ ಐದನೇ ಸ್ಲ್ಯಾಬ್ ಹಾಕಿದ ಮರುದಿನ" ಅಂದ್ಳು. ಇಂಥ ಉತ್ತರ ಅಂದ್ರ ನನಗ ಜೀವ. ಆಮ್ಯಾಲೆ ದನಿ ಇಳಿಸಿ, ದೊಡ್ಡಾಕಿ ಆಗ್ಯಾಳೇನವಾ ಅಂತ ಕೇಳಿದೆ. ಮೈ ನೆರೆದ ಮ್ಯಾಲೆ ಹೆಣ್ಣುಮಕ್ಕಳ ಬೆಳವಣಿಗಿ ಹೆಚ್ಚು ದಿನ ಉಳಿಯೂದಿಲ್ಲ, ಅದಕ್ಕ ಕೇಳ್ಬೇಕಾಗ್ತದ. "ಇಲ್ರಿ, ಇನ್ನೂ ಸಣ್ಣ ಕೂಸದ" ಅಂದ್ಳು, ನನ್ನ ಮಾತು ಮುಗಿಯೂಕಿಂತ ಮೊದಲೇ. ಆ ಅವಸರ ನನಗ ತಿಳೀಬೇಕಿತ್ತು. ನಾನೂ ಒಬ್ಬ ಹೆಣ್ಣುಮಗಳೇ ಅಲ್ಲೇನು.

ಕೈಯ ಫೋಟೋ ಕಂಪ್ಯೂಟರ್ ಮ್ಯಾಲೆ ಬಂತು. ಅಪ್ಪ ಎದ್ದು ಬಂದು ನನ್ನ ಹಿಂದ ನಿಂತ. ದಿನಾ ನಕಾಶಿ ನೋಡಿ ರಾಡ್ ಕಟ್ಟೋ ಮನಷ್ಯಾ, ಅವನ ಕಣ್ಣಾಗೂ ನನ್ನಂಗ ಕುತೂಹಲ. "ಈ ಗೆರಿ ಏನ್ರಿ? ಇದು ಯಾಕ ಇಲ್ಲಿ ಅದ, ಅಲ್ಲಿ ಇಲ್ಲ?" ಅಂತ ಬೆರಳು ಇಟ್ಟು ಇಟ್ಟು ಕೇಳಿದ. ಕೇಳೋರು ಸಿಕ್ರ ಮುಗೀತು, ನನ್ನ ಬಾಯಿಗೆ ಕಡಿವಾಣ ಇಲ್ಲ. ಮಣಿಕಟ್ಟು ತೋರಿಸಿದೆ, ಬೆರಳು ತೋರಿಸಿದೆ. "ನೋಡ್ರಿಲ್ಲೆ, ಬೆರಳ ತುದಿಯ ಗೆರಿ ಎಲ್ಲಾ ಮುಚ್ಚ್ಯಾವ. ಅಂದ್ರ ಈ ಹುಡುಗಿ ದೊಡ್ಡಾಕಿ ಆಗಿ ಒಂದು ವರ್ಷರೆ ಆಗಿರಬೇಕು" ಅಂದೆ. ಎಲುಬು ಸುಳ್ಳು ಹೇಳೂದಿಲ್ಲ ಅಂತನೂ ಸೇರಿಸಿದೆ.

ಹುಡುಗಿ ಪೆನ್ನುಗಳನ್ನ ಒಂದೊಂದಾಗಿ ಡಬ್ಬಿಯಾಗ ಇಡಾಕ ಹತ್ತಿದ್ಳು. ಅಜ್ಜಿ ಸೊಸಿ ಕಡೆ ತಿರುಗಿ, "ವರ್ಷಾತೇನು?" ಅಂತ ಕೇಳಿದ್ಳು, ಅಷ್ಟೇ. ಅಪ್ಪ "ಆಪರೇಷನ್ ವಿಚಾರ ಮಾಡಿ ಹೇಳ್ತೀವ್ರಿ" ಅಂತ ಹೊರಗ ನಡದ.

ಐದು ನಿಮಿಷಕ್ಕ ತಾಯಿ ಒಬ್ಬಾಕೆ ವಾಪಸ್ ಬಂದ್ಳು, ಚೀಲ ಮರತೀನಿ ಅಂತ ನೆಪ. "ಎಲ್ಲಾ ಹೇಳಿಬಿಟ್ರೆಲ್ರೀ" ಅಂದ್ಳು. ಅವರ ಕಡೆ ಹುಡುಗಿ ದೊಡ್ಡಾಕಿ ಆದ್ಳಂದ್ರ ಮೂಲ್ಯಾಗ ಕೂಡಿಸಬೇಕು, ಸೋದರಮಾವ ಸೀರಿ ತರಬೇಕು, ಮಂದಿ ಕರದು ಆರತಿ ಮಾಡಬೇಕು. ಅಲ್ಲಿಗೆ ಚಡ್ಡಿ ಹಾಕ್ಕೊಂಡು ಓಡೂದು ಬಂದ್. ಸಾಲಿನೂ ಬಿಡಿಸಿ ಊರಿಗೆ ಕರಕೊಂಡು ಹೋಗ್ತಾರ. ಅದಕ್ಕ ತಾಯಿ-ಮಗಳು ಇಬ್ಬರೇ ಗುಟ್ಟು ಹಿಡಿದಿದ್ರು, ಗಂಡಗೂ ಗೊತ್ತಿಲ್ಲದಂಗ. ನಮ್ಮವ್ವ ಅಂತಿದ್ಳು, ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ನನ್ನ ಬಾಯಿಗೆ ನಾನೇ ಬೂಟಿಲೆ ಹೊಡಕೋಬೇಕು ಅನಿಸ್ತು.

ಆಮ್ಯಾಲೆ ನಾಕು ದಿನ ಅವರ ಸುದ್ದಿನೇ ಇಲ್ಲ. ಫೋನ್ ಮಾಡಿ ಬೈಯೋಣೇನು, ಸಾಲಿ ಬಿಡಿಸಿದ್ರ ಕಾಯ್ದೆ ಅದ ಅಂತ ಹೆದರಿಸೋಣೇನು ಅಂತ ವಿಚಾರ ಬಂತು. ನನ್ನ ಸಿಟ್ಟು ನನಗ ಗೊತ್ತದ. ಹೆದರಿಸಿದ್ರ ಹುಡುಗಿ ಹರಿದ ಮೊಣಕಾಲು ತಗೊಂಡು ಊರಿಗೆ ಹೋಗ್ತಾಳ, ನನ್ನ ಕೈಗೆ ಮತ್ತ ಸಿಗೂದಿಲ್ಲ ಅಂತ ಸುಮ್ಮಾದೆ.

ಐದನೇ ದಿನ ಅಪ್ಪ ಒಬ್ಬನೇ ಬಂದ. ಕೂಡ್ರಿ ಅಂದ್ರ ಕೂಡಲಿಲ್ಲ. "ಶನಿವಾರ ನಮ್ಮವ್ವ ಊರಿಗೆ ಹೊಂಟಾಳ್ರಿ, ಹುಡುಗೀನ ಕರಕೊಂಡು" ಅಂದ. ತಪ್ಪು ನಂದೇರಿ, ನಿಮ್ಮ ಹೆಂಡ್ತಿನ್ನ ಬೈಬ್ಯಾಡ್ರಿ, ಆಕಿ ಮುಚ್ಚಿಟ್ಟಿದ್ದು ಮಗಳ ಸಲುವಾಗಿ ಅಂತ ಹೇಳಿದೆ.

"ಆಕಿ ಮುಚ್ಚಿಟ್ಟಿದ್ದು ನನಗ ಮೊದಲ ತಿಂಗಳಿಂದ ಗೊತ್ತದರಿ ಮೇಡಂ" ಅಂದ. "ಒಂದೇ ಖೋಲಿ ಅದ ನಮ್ದು. ಅದರಾಗ ಏನು ಮುಚ್ಚಿಡಾಕ ಬರತದ್ರಿ?"

ಹಂಗಾರ ನಿಮಗ ಗೊತ್ತದ ಅಂತ ಹೆಂಡ್ತಿಗೆ ಯಾಕ ಹೇಳಲಿಲ್ಲ ಅಂತ ಕೇಳಿದೆ.

"ಹೇಳಿದ್ರ ನನಗ ಗೊತ್ತಾದಂಗಾತಲ್ರಿ. ಮನಿ ಗಂಡಸಿಗೆ ಗೊತ್ತಾತಂದ್ರ ಅವ್ವಗ ಹೇಳಬೇಕು, ನನ್ನ ಹೆಂಡ್ತಿ ತಮ್ಮಗ ಹೇಳಿ ಕಳಸಬೇಕು, ಸೀರಿ ಬರಬೇಕು. ನನಗ ಗೊತ್ತಿಲ್ಲ ಅನ್ನೂತನಕ ಹುಡುಗಿ ಓಡ್ತಿದ್ಳು. ತಿಂಗಳದಾಗ ಆ ನಾಕು ದಿನ ನಾನು ಕೆಲಸ ಅದ ಅಂತ ಸೈಟಿನ ಮ್ಯಾಲೆ ಉಳೀತಿದ್ದೆ, ತಾಯಿ-ಮಗಳಿಗೆ ತ್ರಾಸ ಆಗಬಾರ್ದಂತ. ನೀವು ಅವ್ವನ ಮುಂದ ಹೇಳಿಬಿಟ್ರಿ. ಇನ್ನು ನನಗ ಗೊತ್ತಿಲ್ಲ ಅನ್ನಾಕ ಬರೂದಿಲ್ಲ."

ಆಮ್ಯಾಲೆ, "ಅವ್ವನ ಮುಂದ ಫೋಟೋ ತಪ್ಪು ಓದಿದೆ ಅನ್ರಿ" ಅಂದ.

ಖರೇ ಹೇಳ್ತೀನಿ, ಒಂದು ಕ್ಷಣ ನನಗ ಸಿಟ್ಟು ಬಂತು. ಇಷ್ಟು ವರ್ಷದಾಗ ಕೈಯ ಫೋಟೋ ತಪ್ಪು ಓದಿದಾಕಿ ಅಂತ ಯಾರ ಬಾಯಾಗೂ ಬಂದಿರಲಿಲ್ಲ. ಅವ ನನ್ನ ಮಾರಿ ನೋಡಲಿಲ್ಲ, ಗ್ವಾಡಿ ನೋಡ್ತಿದ್ದ. ನಾಳೆ ಎಲ್ಲಾರನ್ನೂ ಕರಕೊಂಡು ಬರ್ರಿ ಅಂದೆ.

ಮರುದಿನ ಅದೇ ಫೋಟೋ ಅದೇ ಪರದೆ ಮ್ಯಾಲೆ ಹಾಕಿದೆ. "ಅಜ್ಜಿ, ನಂದು ತಪ್ಪಾತು. ಬೆರಳ ತುದಿಯ ಮ್ಯಾಲೆ ನೆರಳು ಬಿದ್ದಿತ್ತು, ಗೆರಿ ಮುಚ್ಚ್ಯದ ಅಂತ ತಿಳಕೊಂಡೆ. ಹುಡುಗಿ ಇನ್ನೂ ಸಣ್ಣಾಕಿನೇ. ಸೊಸಿ ಹೇಳಿದ್ದೇ ಖರೇ" ಅಂದೆ. ನನ್ನ ಕೈಕೆಳಗಿನ ಡಾಕ್ಟರ್ ಅಲ್ಲೇ ಇದ್ದ. ಅವ ಪರದೆ ನೋಡಿದ, ನನ್ನನ್ನ ನೋಡಿದ, ಆಮ್ಯಾಲೆ ತನ್ನ ಬೂಟು ನೋಡಿಕೋತ ನಿಂತ.

"ಇಷ್ಟು ದೊಡ್ಡ ದವಾಖಾನಿ, ಹೆಣ್ಣಮಗಳಾಗಿ ಅಷ್ಟೂ ತಿಳೀಲಿಲ್ಲೇನು ನಿನಗ? ಬಂಗಾರದಂಥ ಸೊಸಿ ಮ್ಯಾಲೆ ಸುಳ್ಳು ಹೊರಸಿದಿ" ಅಂತ ಅಜ್ಜಿ ಬೈದ್ಳು. ನಾನು ತಲಿ ತಗ್ಗಿಸಿ ಕೇಳಿದೆ. ಶನಿವಾರ ಆಕಿ ಒಬ್ಬಾಕೆ ಊರಿಗೆ ಹೋದ್ಳು. ಮುಂದಿನ ವಾರ ಆಪರೇಷನ್ ಮಾಡಿದೆ. ಮೊಣಕಾಲಾಗ ಮುಚ್ಚುತ್ತ ಬಂದ ಗೆರಿಗೆ ಯಾವುದು ಸರಿಯೋ ಅದನ್ನೇ ಮಾಡಿದೆ. ಫೈಲಿನಾಗ ಇದ್ದದ್ದು ಇದ್ದಂಗ ಬರದೀನಿ. ಅಜ್ಜಿಗೆ ಫೈಲ್ ಓದಾಕ ಬರೂದಿಲ್ಲ.

ವರ್ಷ ಆದ ಮ್ಯಾಲೆ ಕೊನೆಯ ತಪಾಸಣಿಗೆ ಬಂದ್ರು. ಹುಡುಗಿ ನನ್ನ ಖೋಲಿಯ ಈ ಬಾಗಿಲದಿಂದ ಆ ಕಿಡಕಿತನಕ ಓಡಿ, ಗಕ್ಕನ ಹೊಳ್ಳಿ ತೋರಿಸಿದ್ಳು. ಮೊಣಕಾಲು ಗಟ್ಟಿ ಅದ, ಜಿಲ್ಲಾ ಟೀಮಿನ ಆಯ್ಕೆಗೆ ಹೋಗಬಹುದು ಅಂದೆ. ಅಪ್ಪ ಹೊರಗ ಬೆಂಚಿನ ಮ್ಯಾಲೆ ಮಗಳ ಬೂಟು ತೊಡಿ ಮ್ಯಾಲೆ ಇಟ್ಕೊಂಡು ಕುಂತಿದ್ದ.

ತಾಯಿ ನನ್ನ ಕೈ ಹಿಡಕೊಂಡು ಸಣ್ಣ ದನಿಯಿಂದ ಅಂದ್ಳು, "ನಿಮ್ಮ ಉಪಕಾರ ಮರಿಯೂದಿಲ್ರಿ ಮೇಡಂ. ನಮ್ಮ ಮನಿಯವರಿಗೆ ಇವತ್ತಿನತನಕ ಗೊತ್ತಾಗಿಲ್ಲ. ನಮ್ಮ ನಸೀಬ ನೋಡ್ರಿ, ಆ ನಾಕು ದಿನ ಬಂತಂದ್ರ ಅವರಿಗೆ ಸೈಟಿನ ಮ್ಯಾಲೆ ಕೆಲಸ ಬಂದೇ ಬರತದ."

ಹೌದವಾ, ನಸೀಬ ಛಲೋ ಅದ ನಿಂದು, ಅಂದೆ.