ಓನರ್ ಮಗಳು ಆಡದ ವಾರ

ನಮ್ಮ ಶಾಲೆಯಲ್ಲಿ ಕುರ್ಚಿಗಳ ಕಾಲಿಗೆ ಟೆನ್ನಿಸ್ ಚೆಂಡು ತೊಡಿಸುವ ಹೊಸ ಹುಚ್ಚು ಶುರುವಾಗಿದೆ. ಮಕ್ಕಳು ಕುರ್ಚಿ ಎಳೆದರೆ ಕೆಳಗಿನ ತರಗತಿಗೆ ಸದ್ದು ಕೇಳಬಾರದಂತೆ. ಚೆಂಡನ್ನು ಒಂದು ಕಡೆ ಸೀಳಿ ಕಾಲಿಗೆ ಸಿಕ್ಕಿಸಬೇಕು. ಮೊನ್ನೆ ಆಯಾ ಚೆಂಡಿನ ಹೊಸ ಡಬ್ಬಿಗಳನ್ನೂ ಒಂದು ಚಾಕುವನ್ನೂ ತಂದು ನನ್ನ ಮೇಜಿನ ಮೇಲಿಟ್ಟಳು. ಒಂದರ ಮುಚ್ಚಳ ಎಳೆದೆ. ಟುಸ್ ಎಂದು ಗಾಳಿ ಹೊರಬಂತು, ಹಿಂದೆಯೇ ಹೊಸ ರಬ್ಬರಿನ ಆ ಘಾಟು... ಓನರ್ ಮಗಳು ನೆನಪಾದಳು. ಅವಳ ಜೊತೆಗೆ ಹಳೆಯ ಸಿಟ್ಟೂ ಬಂತು.

ದಾವಣಗೆರೆ ಬಿಟ್ಟು ಬಂದ ಹೊಸದರಲ್ಲಿ ಪಟ್ಟಂದೂರು ಅಗ್ರಹಾರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರ ಮಗಳು ಅವಳು. ಹೆಸರಿತ್ತು, ಆದರೆ ಆ ಮೂರಂತಸ್ತಿನ ಬಾಡಿಗೆದಾರರಿಗೆಲ್ಲ ಅವಳು ಓನರ್ ಮಗಳೇ. ಟೆನ್ನಿಸ್ ಅವಳ ಕಸುಬು. ಕಸುಬು ಎಂದರೆ ಜನ ನಗುತ್ತಿದ್ದರು. ಟೀವಿಯಲ್ಲಿ ಬರದವರು ಆಟಗಾರರೇ ಅಲ್ಲ ಎನ್ನುವುದು ನಮ್ಮ ಬೀದಿಯ ಕಾನೂನು. ಅವಳು ರ್‍ಯಾಂಕಿಂಗ್ ಪಟ್ಟಿಯಲ್ಲಿ ನೂರಾರು ಹೆಸರುಗಳ ಕೆಳಗೆಲ್ಲೋ ಇದ್ದ ಆಟಗಾರ್ತಿ. ಯಾರೂ ಕೇಳಿರದ ಊರುಗಳಿಗೆ ಒಬ್ಬಳೇ ಹೋಗಿ, ನೋಡುವವರಿಲ್ಲದ ಅಂಗಳದಲ್ಲಿ ಆಡಿ, ತನ್ನ ಬಟ್ಟೆ ತಾನೇ ಒಗೆದುಕೊಂಡು ಬರುತ್ತಿದ್ದಳು. ಊರಲ್ಲಿದ್ದಾಗ ಸಂಪಿನ ಪಕ್ಕದ ಗೋಡೆಗೆ ಬೆಳಗ್ಗೆಯೇ ಚೆಂಡು ಹೊಡೆಯಲು ನಿಲ್ಲುತ್ತಿದ್ದಳು. ಧಬ್, ಧಬ್... ಬಾಡಿಗೆದಾರರು ಒಳಗೊಳಗೇ ಗೊಣಗುತ್ತಿದ್ದರು. ನನಗೆ ಮಾತ್ರ ಆ ಸದ್ದಿಲ್ಲದೆ ಕಾಫಿ ಇಳಿಯುತ್ತಿರಲಿಲ್ಲ.

ಗೋಡೆಗೆ ಹಳೆಯ ಬೋಳು ಚೆಂಡುಗಳೇ ಗತಿ. ಹೊಸ ಡಬ್ಬಿ ತೆರೆಯುತ್ತಿದ್ದದ್ದು ಟೂರ್ನಿಗೆ ಹೊರಡುವ ಮುಂಚೆ ಮಾತ್ರ. ತೆರೆದು ನನ್ನ ಮೂಗಿಗೆ ಹಿಡಿಯುತ್ತಿದ್ದಳು. "ಮಿಸ್, ವಾಸ್ನೆ ನೋಡಿ. ನಂಗಿದು ಏರ್‌ಪೋರ್ಟ್ ವಾಸ್ನೆ!"

ಒಂದು ವರ್ಷ ಅವಳು ಹೊರದೇಶದ ಸಣ್ಣ ಟೂರ್ನಿಯೊಂದನ್ನು ಗೆದ್ದಳು. ಅವಳ ಪಾಯಿಂಟುಗಳಲ್ಲಿ ಹೆಚ್ಚಿನವು ಆ ಒಂದೇ ವಾರದವು. ಈ ಆಟದ ನಿಯಮಕ್ಕೆ ಕರುಣೆಯಿಲ್ಲ. ಗೆದ್ದ ಪಾಯಿಂಟುಗಳು ವರ್ಷದ ಮಟ್ಟಿಗೆ ಮಾತ್ರ ನಿಮ್ಮವು. ಮರುವರ್ಷ ಅದೇ ಹೊತ್ತಿಗೆ ಮತ್ತೆ ಗೆಲ್ಲದಿದ್ದರೆ ಉದುರಿಹೋಗುತ್ತವೆ, ಸ್ಥಾನ ಕುಸಿಯುತ್ತದೆ, ಮುಂದಿನ ಟೂರ್ನಿಗಳಲ್ಲಿ ಒಳಗೇ ಬಿಡುವುದಿಲ್ಲ. ಮರುವರ್ಷ ಸರಿಯಾಗಿ ಆ ವಾರಕ್ಕೇ ಅವಳ ಅಣ್ಣನ ಮದುವೆಯ ಮುಹೂರ್ತ ಇಟ್ಟರು.

ಅವರಲ್ಲಿ ಮದುವೆಗೆ ಕಳಸಗಿತ್ತಿ ಬೇಕು. ಧಾರೆಯ ಹೊತ್ತಿಗೆ ಮದುಮಗನ ಪಕ್ಕದಲ್ಲಿ ಕಳಸ ಹಿಡಿದು ನಿಲ್ಲುವವಳು. ಸ್ವಂತ ತಂಗಿ ಇದ್ದರೆ ಅವಳೇ. ನೀರಿನ ಮೋಟರ್ ಹಾಕಿಸಲು ಕೆಳಗಿಳಿದಿದ್ದ ನನ್ನ ಎದುರಿಗೇ ಅವಳು ಅಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

"ಗೆದ್ದಿದ್ದು ಗೆದ್ದಂಗಲ್ವೇನವ್ವಾ?" ಎಂದರು ಅವರು. "ಸೈಟು ಒಂದ್ಸಲ ಖಾತೆ ಆದ್ಮೇಲೆ ಯಾವನ್ ಕಿತ್ಕೊಂತಾನೆ? ಮುಂದಿನ್ ತಿಂಗ್ಳು ಓಗಿ ಆಡು."

"ಅದು ಸೈಟಲ್ಲಪ್ಪಾ, ಬಾಡ್ಗೆ ಮನೆ. ವರ್ಷ ಆಗ್ತಿದ್ದಂಗೆ ಖಾಲಿ ಮಾಡುಸ್ತಾರೆ."

ಮೂರಂತಸ್ತು ಬಾಡಿಗೆಗೆ ಕೊಟ್ಟಿದ್ದ ಮನುಷ್ಯನಿಗೆ ಆ ಮಾತು ಅರ್ಥವಾಗಲಿಲ್ಲ ಎಂದರೆ ನಾನು ಇಂದಿಗೂ ನಂಬುವುದಿಲ್ಲ. ಅಷ್ಟರಲ್ಲಿ ಅವಳ ದೊಡ್ಡಪ್ಪ ಬಂದು ಕೂತರು. "ಒಡುಟ್ಟಿದೋಳು ಮನೇಲವ್ಳೆ. ಬೇರೆವ್ರ ಕೈಗೆ ಕಳ್ಸ ಕೊಟ್ರೆ ಜನ ಉಗೀತಾರೆ" ಎಂದರು. ಅವರ ಮಾತಿಗೆ ಆ ಮನೆಯಲ್ಲಿ ಎದುರಿರಲಿಲ್ಲ. ಅವಳು ಟೂರ್ನಿಯಿಂದ ಹೆಸರು ವಾಪಸ್ ತೆಗೆದಳು.

ಮದುವೆಗೆ ನಾವೂ ಹೋಗಿದ್ದೆವು. ಧಾರೆಗೆ ಇನ್ನೇನು ಎಲ್ಲರೂ ನಿಲ್ಲಬೇಕು, ದೊಡ್ಡಪ್ಪನ ಮಗಳು ಮುಖ ಊದಿಸಿಕೊಂಡು ಮಂಟಪದ ಕೆಳಗೆ ಕೂತುಬಿಟ್ಟಳು. ಹಿರಿಮನೆಯ ಮಗಳು ತಾನಿರುವಾಗ ತನ್ನನ್ನು ಯಾರೂ ಕೇಳಲೇ ಇಲ್ಲವಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅದೇ ದೊಡ್ಡಪ್ಪ ಮಂಟಪ ಹತ್ತಿದರು. "ಅವ್ಳು ದೊಡ್ಡೋಳು, ಬೇಜಾರ್ ಮಾಡ್ಕಂಡವ್ಳೆ. ನೀನು ಚಿಕ್ಕೋಳು, ಬಿಟ್ಕೊಡವ್ವಾ" ಎಂದು ಓನರ್ ಮಗಳ ಕೈಯಿಂದ ಕಳಸ ತೆಗೆದು ತಮ್ಮ ಮಗಳ ಕೈಗಿಟ್ಟರು.

ಜನ ಉಗಿಯಲಿಲ್ಲ. ಜನ ಊಟದ ಹಾಲ್‌ನ ಬಾಗಿಲು ನೋಡುತ್ತಿದ್ದರು. ಅಪ್ಪ ಪಂಚೆ ಸರಿಮಾಡಿಕೊಂಡರು, ಅಣ್ಣ ತಲೆ ಎತ್ತಲಿಲ್ಲ. ನನಗೆ ಮಂಟಪ ಹತ್ತಿ ಆ ಕಳಸ ಕಿತ್ತುಕೊಂಡು ದೊಡ್ಡಪ್ಪನ ತಲೆಗೆ ಮೊಟಕಬೇಕೆನಿಸಿತು. ಈಗಲೂ ಅನಿಸುತ್ತದೆ. ಅವಳು ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು ಕೆಳಗಿಳಿದು ಬಂದು ನನ್ನ ಪಕ್ಕ ಕೂತಳು.

"ಇವತ್ತು ಅಲ್ಲಿ ಸೆಮಿಫೈನಲ್ಲು ಮಿಸ್" ಎಂದಳು.

ಪಾಯಿಂಟು ಉದುರಿದವು. ಆಮೇಲೂ ಅವಳು ಸುಮ್ಮನಿರಲಿಲ್ಲ, ಒಂದಾದ ಮೇಲೊಂದು ಟೂರ್ನಿಗೆ ಹೆಸರು ಕಳಿಸಿದಳು. ಪ್ರತಿ ಸಲವೂ ಸ್ಥಾನ ಸಾಲದು ಎಂಬ ಉತ್ತರವೇ. ಗೋಡೆಯ ಸದ್ದು ದಿನ ಬಿಟ್ಟು ದಿನವಾಯಿತು, ಆಮೇಲೆ ಯಾವಾಗಲೋ ಒಮ್ಮೆ, ಆಮೇಲೆ ಇಲ್ಲ. "ಸದ್ಯ, ನೆಮ್ಮದಿ" ಎಂದರು ಬಾಡಿಗೆದಾರರು. ಅವರ ಮೇಲೂ ನನಗೆ ಸಿಟ್ಟಿದೆ. ಅಪ್ಪ ಆ ಗೋಡೆಗೆ ಬಣ್ಣ ಹೊಡೆಸಿ, ಚೆಂಡಿನ ಗುರುತುಗಳನ್ನೆಲ್ಲ ಮುಚ್ಚಿ, ಮನೆ ನೋಡಲು ಬಂದವರಿಗೆ "ನಮ್ ಮಗ್ಳು ಇಂಟರ್‌ನ್ಯಾಷನಲ್ ಪ್ಲೇಯರ್ರು" ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಕೈ ಕಟ್ಟಿ ಕೂರಿಸಿದ ಮೇಲೆ ಹೆಮ್ಮೆಗೇನು ಬರ!

ನಾವು ಮನೆ ಬದಲಿಸಿದೆವು. ಅವಳಿಗೆ ಮದುವೆಯಾಯಿತೆಂದು ಯಾರೋ ಹೇಳಿದರು, ಯಾವ ಊರಿಗೆ ಕೊಟ್ಟರೋ... ಅವಳ ಹಳೆಯ ನಂಬರಿಗೆ ಫೋನ್ ಮಾಡಿದರೆ ಈಗ ಬೇರೆ ಯಾರೋ ಎತ್ತುತ್ತಾರೆ. ಅವಳು ಪಂದ್ಯ ಆಡಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಗೋಡೆಯ ಸದ್ದಷ್ಟೇ ನನ್ನ ಪಾಲಿಗಿದ್ದ ಅವಳ ಆಟ. ಅದೂ ಹೋಯಿತು.

ಚೆಂಡು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ, ಆಯಾ ಮತ್ತೆ ಬಂದು ಬಾಗಿಲಲ್ಲಿ ನಿಂತಿದ್ದಳು. "ಯಾಕ್ ಮಿಸ್, ಚಾಕು ಹರಿತ ಇಲ್ವಾ?"

ಚೆಂಡನ್ನು ಡಬ್ಬಿಯೊಳಗೆ ಹಾಕಿದೆ. ಚಾಕುವನ್ನು ಅವಳ ಕೈಗೆ ವಾಪಸ್ ಕೊಟ್ಟೆ.

"ಹರಿತ ಐತೆ. ತಗೊಂಡ್ ಹೋಗವ್ವಾ. ಕುರ್ಚಿ ಸದ್ದು ಮಾಡಿದ್ರೆ ಮಾಡ್ಲಿ."